ಉಸಿರಿಲ್ಲದೆ ಓಡಿದ ಹದಿನೇಳು ರಾತ್ರಿ

ಫೆಬ್ರವರಿ 4

ಈ ನಿದ್ದೆ ಇಲ್ಲಿಯವರೆಗೆ ನನಗೆ ಹಚ್ಚಿದ ಖರ್ಚು: ವ್ಯಾನಿನ ಮೂತಿ ಮತ್ತು ಯಾರದೋ ಕಾಂಪೌಂಡು ಗೋಡೆ, ಎರಡೂ ಸೇರಿ ಇಪ್ಪತ್ತೆರಡು ಸಾವಿರ. ತಲೆಗೆ, ಎದೆಗೆ, ಬೆರಳಿಗೆಲ್ಲ ವೈರು ಅಂಟಿಸಿಕೊಂಡು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದ್ದಕ್ಕೆ ಹನ್ನೊಂದು ಸಾವಿರ. ಮನೆಯಲ್ಲಿ ಪುಕ್ಕಟೆ ಮಲಗುವವನು ನಾನು. ಡಾಕ್ಟರ ಫೀಸು ಎರಡು ಸಲ. ಇನ್ನು ಕೈತಪ್ಪಿದ ಒಂದು ಇಡೀ ಮನೆಯ ಸಾಮಾನು: ಎರಡು ತೇಗದ ಬೀರು, ಹನ್ನೆರಡು ಜನ ಕೂರುವ ಮೇಜು. ಮನೆಯವರು ತಮ್ಮ ಬೆಲೆ ಹೇಳಿ ನನ್ನ ಮುಖ ನೋಡಿದರೆ ನಾನು ಅವರ ಸೋಫಾದ ಮೇಲೆಯೇ ಗೊರಕೆ ಹೊಡೆಯುತ್ತಿದ್ದೆನಂತೆ. ಹಳೆ ಸಾಮಾನಿನ ವ್ಯಾಪಾರಕ್ಕಿಳಿದು ಮೂವತ್ತು ವರ್ಷವಾಯಿತು, ಚೌಕಾಸಿಯ ನಡುವೆ ನನ್ನ ಬಾಯಿ ಮುಚ್ಚಿಸಿದವರು ಯಾರೂ ಇರಲಿಲ್ಲ.

ವರದಿ ಬಂದಿದೆ. ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಲ್ಲುತ್ತದೆ. ಎಲ್ಲಕ್ಕಿಂತ ಉದ್ದದ್ದು ಐವತ್ತೆಂಟು ಸೆಕೆಂಡು. ಗಂಟಲು ಮುಚ್ಚಿಕೊಳ್ಳುತ್ತದಂತೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದಂತೆ, ನನಗೆ ಗೊತ್ತಾಗುವುದಿಲ್ಲವಂತೆ. ಇನ್ನೆರಡು ಸೆಕೆಂಡು ಸೇರಿಸಿ ಪೂರ್ತಿ ನಿಮಿಷ ಮಾಡಬಹುದಿತ್ತಲ್ಲ ಎಂದು ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಹೃದಯ ಆಗಲೇ ದಪ್ಪಗಾಗಿದೆ, ಹೀಗೇ ಬಿಟ್ಟರೆ ಒಂದು ರಾತ್ರಿ ಮೆದುಳು ಎಬ್ಬಿಸುವುದನ್ನು ಮರೆಯಬಹುದು ಎಂದರು. ರಾತ್ರಿಯಿಡೀ ಮೂಗಿಗೆ ಗಾಳಿ ಒತ್ತುವ ಮೆಷಿನ್ ಹಾಕಿಕೊಳ್ಳಬೇಕು. ಮೂರು ತಿಂಗಳ ವರದಿ ಚೆನ್ನಾಗಿದ್ದರೆ ಮಾತ್ರ ಗಾಡಿ ಓಡಿಸಬಹುದೆಂಬ ಪತ್ರ. ಅಲ್ಲಿಯವರೆಗೆ ನನ್ನ ವ್ಯಾನಿಗೆ ನನ್ನ ಭಾವಮೈದುನ ಚಾಲಕ.

ಮಲಗಿದ್ದು ಎದ್ದಿದ್ದು ದಿನಕ್ಕೊಂದು ಸಾಲು ಬರೆದಿಡಿ ಎಂದಿದ್ದಾರೆ. ಒಂದೇ ಸಾಲಿಗೆ ನಿಲ್ಲಿಸುವುದು ನನ್ನ ಜಾಯಮಾನವಲ್ಲ. ಡಾಕ್ಟರಿಗೆ ಆ ಸಾಲು ಕೊಡುತ್ತೇನೆ, ಉಳಿದದ್ದು ಇಲ್ಲಿ.

ಫೆಬ್ರವರಿ 6

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಈ ಮೆಷಿನ್ ಮಾರುವ, ಅದರೊಳಗಿನ ಮೆಮೊರಿ ಕಾರ್ಡು ಓದಿ ವರದಿ ತೆಗೆದುಕೊಡುವ ಹೆಂಗಸಿದ್ದಾಳೆ. ಮನಸ್ಸಿನಲ್ಲೇ ಆಕೆಗೆ ಮೀಟರಮ್ಮ ಎಂದು ಹೆಸರಿಟ್ಟಿದ್ದೇನೆ. ಹೊಸ ಮೆಷಿನ್ನಿನ ಬೆಲೆ ಕೇಳಿ ಅಲ್ಲೇ ಉಸಿರು ನಿಂತಿತು, ನಿದ್ದೆ ಬೇಕಾಗಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆ. ಆಕೆ ಒಂದು ಬಿಡಿಗಾಸೂ ಇಳಿಸಲಿಲ್ಲ.

ಹಲ್ಲುಜ್ಜುವ ಬ್ರಷ್ಷು ಬಿಟ್ಟರೆ ನಾನು ಹೊಸದೆಂದು ಕೊಂಡದ್ದು ಕಡಿಮೆ. ನಾವು ಮಲಗುವ ಮಂಚ ಒಬ್ಬ ಜಡ್ಜಿಯದು, ಊಟದ ಮೇಜು ಮುಚ್ಚಿಹೋದ ಹಾಸ್ಟೆಲ್ಲಿನದು. ಮನೆಗೆ ಬರುವಾಗ ನೆನಪಾಯಿತು: ಕಳೆದ ತಿಂಗಳು ಇಪ್ಪತ್ತನೇ ತಾರೀಕು ಖಾಲಿ ಮಾಡಿಸಿದ ನಕ್ಷೆ ಬರೆಯುವವರ ಮನೆಯಲ್ಲಿ ಇಂಥದೇ ಒಂದು ಡಬ್ಬಿ ಇತ್ತು. ಆತ ಸರ್ವೆ ಕಚೇರಿಯಲ್ಲಿ ನಲವತ್ತು ವರ್ಷ ಊರಿನ ರಸ್ತೆಗಳನ್ನು ಗೆರೆ ಎಳೆದು ಎಳೆದು ನಿವೃತ್ತರಾದವರು. ತೀರಿಕೊಂಡದ್ದು ಜನವರಿ ಎರಡು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಹಿಂದಿನ ದಿನಕ್ಕೆ, ಒಂದಕ್ಕೇ ನಿಂತಿತ್ತು. ಅವರ ಹೆಂಡತಿ ಮಲಗುವ ಕೋಣೆಯ ಸಾಮಾನನ್ನೆಲ್ಲ ಒಂದೇ ಬೆಲೆಗೆ ಕೊಟ್ಟುಬಿಟ್ಟಿದ್ದರು.

ಗೋದಾಮಿನಲ್ಲಿ ಹುಡುಕಿದೆ, ಸಿಕ್ಕಿತು. ಮಾರುವವನೂ ನಾನೇ, ಕೊಳ್ಳುವವನೂ ನಾನೇ. ಮಾರುವವನು ನಾಲ್ಕು ಸಾವಿರ ಅಂದ, ಕೊಳ್ಳುವವನು ಎರಡು ಅಂದ. ಮೂರೂವರೆಗೆ ಕುದುರಿತು. ಮಾರುವವನು ಸ್ವಲ್ಪ ಗಟ್ಟಿ ಕುಳ. ಮಾಸ್ಕು, ಕೊಳವೆ, ಫಿಲ್ಟರು ಮಾತ್ರ ಮೀಟರಮ್ಮನ ಹತ್ತಿರ ಹೊಸದು ಕೊಂಡೆ. ಮೆಷಿನ್ ನೆಂಟರು ಕೊಟ್ಟಿದ್ದು ಎಂದೆ.

ಮನೆಗೆ ತಂದಾಗ ಇವಳು ಸತ್ತವರದ್ದಾ ಎಂದು ಕೇಳಿದಳು. ಸತ್ತವರ ಮಂಚದ ಮೇಲೆ ಇಪ್ಪತ್ತಾರು ವರ್ಷದಿಂದ ಮಲಗಿದ್ದೀಯಲ್ಲ, ಅದಕ್ಕೇನು ಎಂದೆ.

“ಮಂಚ ಉಸಿರಾಡಲ್ಲ ಕಣ್ರೀ” ಎಂದಳು.

ಫೆಬ್ರವರಿ 7

ಮೊದಲ ರಾತ್ರಿ. ಪಟ್ಟಿ ಬಿಗಿದುಕೊಂಡು ಕನ್ನಡಿ ನೋಡಿದೆ, ಯುದ್ಧವಿಮಾನ ಓಡಿಸುವವನ ಹಾಗೆ ಇದ್ದೇನೆ ಅನ್ನಿಸಿತು. ಭಾವಮೈದುನ ಊಟಕ್ಕೆ ಬಂದಿದ್ದವನು ಬಾಗಿಲಲ್ಲಿ ನಿಂತು, ಭಾವ, ಸೊಂಡಿಲು ಬಂತು, ಇನ್ನು ಕಿವಿ ಯಾವಾಗ ಎಂದ. ಅವನಿಗೊಂದು ಜಾಡಿಸೋಣವೆಂದು ಬಾಯಿ ತೆರೆದರೆ ಮಾತಿನ ಬದಲು ಗಾಳಿ ಬಂತು. ಮೂಗಿನಿಂದ ಒತ್ತಿದ್ದು ಬಾಯಿಂದ ಬುಸ್ಸೆಂದು ಹೊರಗೆ. ಇವಳು ಬಿದ್ದು ಬಿದ್ದು ನಕ್ಕಳು.

ಒಂದು ಗಂಟೆಗೆ ಕಿತ್ತೆಸೆದೆ. ಓಡುವ ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನಿದ್ದೆ ಮಾಡು ಅಂದ ಹಾಗಾಗಿತ್ತು.

ಫೆಬ್ರವರಿ 10

ಹೊಟ್ಟೆ ಚೆಂಡಿನಂತಾಗಿದೆ. ಗಾಳಿ ನುಂಗುತ್ತಿದ್ದೇನೆ. ಬೆಳಿಗ್ಗೆ ಒಬ್ಬ ಗಿರಾಕಿಗೆ ಕಪಾಟಿನ ಗುಣಗಾನ ಮಾಡುವಾಗ ಎಂಥ ತೇಗು ಬಂತೆಂದರೆ ಆತ ಎರಡು ಹೆಜ್ಜೆ ಹಿಂದೆ ಸರಿದ. ಕಪಾಟು ಹೋಗಲಿಲ್ಲ.

ಇದಕ್ಕಿಂತ ಆಗದ್ದು ಆ ಸದ್ದು. ಜೋರಿಲ್ಲ. ಮಂಚದ ತಲೆಯ ಹತ್ತಿರ ಯಾರೋ ನಿಂತು ಉಸಿರು ಬಿಡುತ್ತಿರುವ ಹಾಗೆ ಇದೆ. ಬಿಡುವುದು ಮಾತ್ರ. ಎಳೆದುಕೊಳ್ಳುವ ಸದ್ದೇ ಇಲ್ಲ. ಈಗ ಎಳೆಯಬಹುದು, ಈಗ ಎಳೆಯಬಹುದು ಎಂದು ಕಾಯುತ್ತಾ ಮಲಗಿರುತ್ತೇನೆ.

ಇವಳಿಗೂ ನಿದ್ದೆ ಇಲ್ಲ ಅಂತ ಕಾಣುತ್ತದೆ. ಗೊರಕೆ ನಿಂತಿದೆ, ಕಾಸಿಲ್ಲದೆ ನೆಮ್ಮದಿ ಸಿಕ್ಕಿದೆ, ಮಲಗುವುದಕ್ಕೇನು ಧಾಡಿ. ನಿನ್ನೆ ಕತ್ತಲಲ್ಲಿ ಹೊರಳಿದಾಗ ಅವಳ ಕಣ್ಣು ತೆರೆದಿತ್ತು. ನನ್ನ ಕಡೆಯೇ ನೋಡುತ್ತಿದ್ದಳು. ಏನೆಂದು ಕೇಳೋಣವೆಂದರೆ ಬಾಯಿ ತೆರೆಯುವ ಹಾಗಿಲ್ಲ. ಇಬ್ಬರೂ ಸುಮಾರು ಹೊತ್ತು ಹಾಗೇ ನೋಡುತ್ತಿದ್ದೆವು.

ಫೆಬ್ರವರಿ 16

ಆರು ಗಂಟೆ ನಿದ್ದೆ. ಒಂದೇ ಪಟ್ಟು. ಎದ್ದಾಗ ಕಿಟಕಿ, ಪರದೆ, ಪರದೆಯ ಹೂವು ಎಲ್ಲ ತೊಳೆದಿಟ್ಟ ಹಾಗೆ ಕಂಡವು. ಇಷ್ಟು ವರ್ಷ ಧೂಳು ಹಿಡಿದ ಗಾಜಿನ ಹಿಂದೆ ಕೂತು ವ್ಯಾಪಾರ ಮಾಡಿದ್ದೇನೆ ಅನ್ನಿಸಿತು. ಮಧ್ಯಾಹ್ನಕ್ಕೇ ಆ ಕಪಾಟನ್ನು ಹೆಚ್ಚಿನ ಬೆಲೆಗೆ ದಾಟಿಸಿದೆ.

ಒಂದು ವಿಷಯ. ನಸುಕಿನಲ್ಲಿ ಅರೆ ಎಚ್ಚರವಾಗಿತ್ತು. ಮುಖದ ಮೇಲೆ, ಮಾಸ್ಕಿನಿಂದ ಎರಡು ಬೆರಳು ಎತ್ತರದಲ್ಲಿ, ಒಂದು ಅಂಗೈ ಇತ್ತು. ಮುಟ್ಟಿರಲಿಲ್ಲ. ಸುಮ್ಮನೆ ಇತ್ತು. ಕಣ್ಣು ಮುಚ್ಚಿ ಮತ್ತೆ ತೆರೆದೆ, ಇರಲಿಲ್ಲ. ಇವಳು ಆ ಕಡೆ ತಿರುಗಿ ಮಲಗಿದ್ದಳು. ಗಾಳಿ ಹೆಚ್ಚಾಗಿ ಬಂದ ಕನಸು ಎಂದುಕೊಂಡೆ.

ಫೆಬ್ರವರಿ 25

ಎರಡು ರಾತ್ರಿ ಊರಲ್ಲಿರಲಿಲ್ಲ. ದೂರದಲ್ಲಿ ಒಂದು ಔಷಧಿ ಅಂಗಡಿ ಮುಚ್ಚುತ್ತಿದ್ದರು, ಗಾಜಿನ ಕಪಾಟು ಬಾಚಿಕೊಂಡು ಬಂದೆವು. ಮೆಷಿನ್ ಹೊತ್ತೊಯ್ಯುವ ಸೋಮಾರಿತನಕ್ಕೆ ಮನೆಯಲ್ಲೇ ಬಿಟ್ಟಿದ್ದೆ. ಲಾಡ್ಜಿನ ಕೋಣೆಯಲ್ಲಿ ಭಾವಮೈದುನ ಎರಡನೇ ರಾತ್ರಿ ಹಾಸಿಗೆ ಹೊತ್ತುಕೊಂಡು ವ್ಯಾನಿಗೆ ಹೋಗಿ ಮಲಗಿದ. ಭಾವ, ನಿಮ್ಮ ಗೊರಕೆ ಸಹಿಸ್ಕೋಬಹುದು, ನಡುನಡುವೆ ಅದು ನಿಲ್ಲತ್ತಲ್ಲ, ಆಗ ನನ್ನ ಜೀವ ಬಾಯಿಗೆ ಬರತ್ತೆ, ಅಕ್ಕ ಹೇಗೆ ಮಲಗ್ತಾಳೋ ಎಂದ.

ಇವಳನ್ನು ಕೇಳಿದೆ, ನಾನಿಲ್ಲದ ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಎಂದು. ಬಂತು ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಾರ್ಚ್ 4

ಕಾರ್ಡು ಓದಿಸಲು ಮೀಟರಮ್ಮನ ಹತ್ತಿರ ಹೋಗಿದ್ದೆ. ಮೊದಲು ಬೈಗುಳ. ನಿಮಗೆ ಬರೆದಿರುವ ಒತ್ತಡ ಒಂಬತ್ತು, ಇದರಲ್ಲಿ ಹದಿನಾಲ್ಕು ಇದೆ, ಯಾರದೋ ಒತ್ತಡದಲ್ಲಿ ಒಂದು ತಿಂಗಳು ಉಸಿರಾಡಿದ್ದೀರಿ, ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಓಡಾಡುತ್ತೀರಾ ಎಂದಳು. ಓದುವ ಕನ್ನಡಕ ಹಳೆಯದೇ, ಆದರೆ ಅದನ್ನು ಹೇಳಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಒಂಬತ್ತಕ್ಕೆ ಇಳಿಸಿಕೊಟ್ಟಳು. ಆದಷ್ಟು ಬೇಗ ಹೊಸದು ತೆಗೆದುಕೊಳ್ಳಿ ಎಂದಳು. ನೋಡೋಣ ಎಂದೆ.

ಆಮೇಲೆ ಪರದೆಯ ಮೇಲೆ ರಾತ್ರಿಗಳನ್ನು ತೋರಿಸಿದಳು. ಒಂದೊಂದು ರಾತ್ರಿಗೆ ಒಂದೊಂದು ಪಟ್ಟಿ, ಪಟ್ಟಿಯೊಳಗೆ ಉಸಿರು ಅಲೆಅಲೆಯಾಗಿ ಏಳುತ್ತದೆ, ಬೀಳುತ್ತದೆ. ಇಪ್ಪತ್ಮೂರು, ಇಪ್ಪತ್ನಾಲ್ಕನೇ ತಾರೀಕಿಗೆ ಬಂದಾಗ ಮಾಸ್ಕ್ ಸರಿಯಾಗಿ ಹಾಕಿಕೊಂಡಿರಲಿಲ್ಲವೇ ಎಂದು ಕೇಳಿದಳು. ಆ ಎರಡು ದಿನ ನಾನು ಊರಲ್ಲೇ ಇರಲಿಲ್ಲ ಎಂದೆ.

“ಮೆಷಿನ್ ಓಡಿದೆಯಲ್ಲ ಸಾರ್. ಒಂದಿನ ಆರು ಗಂಟೆ, ಇನ್ನೊಂದಿನ ಹತ್ತು ನಿಮಿಷ ಕಮ್ಮಿ.”

“ಅಲೆ ಇಲ್ಲವಲ್ಲ.”

“ಹೌದು. ಗಾಳಿ ಹೋಗಿದೆ. ಉಸಿರಾಡಿದವರು ಯಾರೂ ಇಲ್ಲ.”

ಮೂವತ್ತು ವರ್ಷ ತಾರೀಕು, ಮೊತ್ತ ತಾಳೆ ನೋಡಿದ ಕಣ್ಣು ನನ್ನದು. ಹಿಂದಕ್ಕೆ ಹೋಗಿ ಎಂದೆ. ನಕ್ಷೆಯವರ ರಾತ್ರಿಗಳು ಇನ್ನೂ ಅದರಲ್ಲೇ ಇದ್ದವು. ಬೇರೆಯವರದ್ದು ನೋಡಬಾರದು ಎಂದು ಆಕೆ ಹೇಳುವಷ್ಟರಲ್ಲಿ ಕಂಡುಬಿಟ್ಟಿತ್ತು. ಜನವರಿ ಎರಡರವರೆಗೆ ಅಲೆಗಳಿವೆ. ಆ ಎರಡರ ನಸುಕಿನಲ್ಲಿ ನಾಲ್ಕು ಇಪ್ಪತ್ತರವರೆಗೆ ಅಲೆ, ಆಮೇಲೆ ಎಳೆದ ಗೆರೆಯ ಹಾಗೆ ನೇರ, ಏಳು ಗಂಟೆಯವರೆಗೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ. ಮೂರನೇ ತಾರೀಕು ಮೆಷಿನ್ ಓಡಿದೆ. ನಾಲ್ಕು, ಐದು, ಆರು. ನಾನು ಸಾಮಾನು ಎತ್ತಿದ್ದು ಇಪ್ಪತ್ತಕ್ಕೆ. ಹತ್ತೊಂಬತ್ತರ ರಾತ್ರಿಯವರೆಗೆ ಓಡಿದೆ. ಹದಿನೇಳು ರಾತ್ರಿ, ಉಸಿರಿಲ್ಲದೆ.

ಮೀಟರಮ್ಮ ಪರದೆ ಆರಿಸಿದಳು. ಚಹಾ ಕುಡೀತೀರಾ ಎಂದಳು. ಇಂಥ ವ್ಯಾಪಾರಸ್ಥೆ ಚಹಾ ಕೊಡುತ್ತಾಳೆಂದರೆ ನನ್ನ ಮುಖ ಹೇಗಿದ್ದಿರಬೇಕು.

ಮಾರ್ಚ್ 6

ಇವಳಿಗೆ ಹೇಳಿಲ್ಲ. ಒಂಬತ್ತರ ಒತ್ತಡ ಹಿತವಾಗಿದೆ, ಹೊಟ್ಟೆ ಇಳಿದಿದೆ. ಆದರೆ ಕಣ್ಣು ಮುಚ್ಚಿದರೆ ಆ ನೇರ ಗೆರೆ. ಮೂಗಿಗೆ ಬರುವ ಗಾಳಿ ಇದೇ ಕೋಣೆಯದು, ಫಿಲ್ಟರು ಹೊಸದು, ಎಲ್ಲ ಗೊತ್ತಿದೆ. ಆದರೂ ಒಮ್ಮೊಮ್ಮೆ ಅದು ನನಗೆಂದು ಬರುತ್ತಿರುವುದಲ್ಲ, ನಡುವೆ ನಾನು ಅಡ್ಡ ಮಲಗಿದ್ದೇನೆ ಅನ್ನಿಸುತ್ತದೆ.

ಮಾರ್ಚ್ 10

ನಾಳೆ, ನಾಡಿದ್ದು ಎರಡು ರಾತ್ರಿ ಹೊರಗೆ. ಮೆಷಿನ್ನನ್ನು ಅದರ ಪೆಟ್ಟಿಗೆಯಲ್ಲಿಟ್ಟು ಸಣ್ಣ ಹುರಿಯಿಂದ ನನ್ನ ಗಂಟು ಹಾಕಿದ್ದೇನೆ. ಗಾಜಿನ ಸಾಮಾನಿಗೆ ಹಾಕುವ ಎರಡು ಸುತ್ತಿನ ಗಂಟು, ನನ್ನ ಕೈಯಲ್ಲಿ ಬಿಟ್ಟು ಬೇರೆಯವರಲ್ಲಿ ನಾನು ನೋಡಿಲ್ಲ. ಲಾಡ್ಜಿನಲ್ಲಿ ಮಲಗಬಾರದು, ದಿಂಬಿಗೊರಗಿ ಕೂತೇ ಇರುವುದೆಂದು ಭಾವಮೈದುನನಿಗೆ ಮಾತು ಕೊಟ್ಟಿದ್ದೇನೆ.

ಮಾರ್ಚ್ 13

ಪೆಟ್ಟಿಗೆ ಇದ್ದಲ್ಲೇ ಇದೆ. ಹುರಿಯೂ ಇದೆ. ಗಂಟು ಬೇರೆ. ಹೂವಿನ ಹಾಗೆ ಎರಡು ಕುಣಿಕೆ ಬಿಟ್ಟ ಗಂಟು, ಇವಳು ಊಟದ ಡಬ್ಬಿಯ ಚೀಲಕ್ಕೆ ಹಾಕುವುದು.

ಭೂತವಾಗಿದ್ದರೆ ಒಳ್ಳೆಯದಿತ್ತು.

ಮಾರ್ಚ್ 14

ಕೇಳಲಿಲ್ಲ.

ಮಾರ್ಚ್ 15

ಇವತ್ತೂ ಇಲ್ಲ. ನಾಲ್ಕು ಜನರ ನಡುವೆ ಮುರುಕು ಕುರ್ಚಿಯನ್ನು ಹೊಗಳಿ ಮಾರುವವನು ನಾನು. ಮನೆಯಲ್ಲಿ ಒಂದು ಪ್ರಶ್ನೆ ಬಾಯಿಗೆ ಬರುತ್ತಿಲ್ಲ.

ಮಾರ್ಚ್ 17

ನಕ್ಷೆಯವರ ಹೆಂಡತಿ ಫೋನು ಮಾಡಿದ್ದರು. ಮಾರಿದ ಸಾಮಾನಿನಲ್ಲಿ ಆ ಮೆಷಿನ್ ಇನ್ನೂ ಇದ್ದರೆ ವಾಪಸು ಬೇಕು, ಬೆಲೆ ಎಷ್ಟಾದರೂ ಸರಿ ಎಂದರು. ಎಷ್ಟಾದರೂ ಸರಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ನಾಲಿಗೆ ತಾನಾಗಿಯೇ ಒಂದು ಅಂಕಿ ಹೇಳಿಬಿಡುತ್ತದೆ. ಇವತ್ತು ಹೇಳಲಿಲ್ಲ. ಮನೆಗೇ ಬರುತ್ತೇನಮ್ಮ ಎಂದೆ.

ಹೋದಾಗ ಭಾವಮೈದುನ ವ್ಯಾನಿನಲ್ಲೇ ಕೂತಿದ್ದ, ನಾನೊಬ್ಬನೇ ಒಳಗೆ ಹೋದೆ. ಆ ಮಲಗುವ ಕೋಣೆಯನ್ನು ಖಾಲಿ ಮಾಡಿದವನು ನಾನೇ. ಮಂಚದ ಕಾಲಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ಚೌಕ, ಬೀರು ಇದ್ದಲ್ಲಿ ಗೋಡೆಯ ಬಣ್ಣ ಗಾಢ. ಒಂದು ಮೂಲೆಗೆ ಹಾಸಿಗೆ ಹಾಸಿಕೊಂಡಿದ್ದಾರೆ. ಹಾಸಿಗೆಯ ಅರ್ಧ ಭಾಗ ಮಾತ್ರ ಸುಕ್ಕಾಗಿತ್ತು.

ನಾನು ಕೇಳದೆಯೇ ಅವರು ಹೇಳಿದರು. ಅವತ್ತು ನಸುಕಿನಲ್ಲಿ ಅವರು ಪಕ್ಕದಲ್ಲೇ ಇದ್ದರಂತೆ. ಗಾಳಿಯ ಸದ್ದು ಬರುತ್ತಲೇ ಇತ್ತು, ಹಾಗಾಗಿ ಏಳು ಗಂಟೆಯವರೆಗೆ ಗೊತ್ತಾಗಲಿಲ್ಲವಂತೆ. ಸಂಸ್ಕಾರ ಮುಗಿದು ಬಂದವರೆಲ್ಲ ಹೋದ ಮೇಲೆ ರಾತ್ರಿ ಸದ್ದಿಲ್ಲದೆ ಮಲಗಲು ಆಗದೆ, ಮಾಸ್ಕನ್ನು ದಿಂಬಿನ ಮೇಲಿಟ್ಟು ಮೆಷಿನ್ ಹಾಕಿಕೊಂಡು ಮಲಗುತ್ತಿದ್ದರಂತೆ. ಹೀಗೆ ಮಾಡಿದರೆ ಹುಚ್ಚು ಹಿಡಿಯುತ್ತದೆ ಎಂದು ತಂಗಿ ಹೇಳಿದಳೆಂದು ಎಲ್ಲವನ್ನೂ ನನಗೆ ಕೊಟ್ಟರಂತೆ. ಆಮೇಲೆ ನಿದ್ದೆ ಮಾಡಿಲ್ಲ.

“ಅದು ಊದ್ತಾ ಇದ್ರೆ ಏಳು ಗಂಟೆ ತನಕ ಇದ್ದಾರೆ ಅಂತ ಮಲಗ್ಬಹುದು” ಎಂದರು.

ಲೋಟದ ನೀರು ಕುಡಿದೆ. ಹದಿನೇಳು ರಾತ್ರಿಯ ವಿಷಯ ನನಗೆ ಮೊದಲೇ ಗೊತ್ತೆಂದು ಹೇಳಲಿಲ್ಲ. ನಾಲ್ಕು ಇಪ್ಪತ್ತರ ವಿಷಯವನ್ನೂ ಹೇಳಲಿಲ್ಲ. ಅದನ್ನು ಯಾವತ್ತೂ ಹೇಳುವುದಿಲ್ಲ.

ನಾಲ್ಕು ದಿನ ಸಮಯ ಕೊಡಿ, ಮೆಷಿನ್ ತಂದುಕೊಡುತ್ತೇನೆ ಎಂದೆ. ಬೆಲೆ ಎಂದರು. ನೀವು ಕೊಟ್ಟ ಬೆಲೆಯೇ ಎಂದೆ. ಇಡೀ ಕೋಣೆಗೆ ಒಂದೇ ಬೆಲೆ ಕೊಟ್ಟಿದ್ದು, ಅದರಲ್ಲಿ ಮೆಷಿನ್ನಿನದೆಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಬಿಟ್ಟೆವು.

ಮಾರ್ಚ್ 18

ನಿನ್ನೆ ರಾತ್ರಿ ಮಾಸ್ಕು ಹಾಕಿಕೊಳ್ಳುವ ಮೊದಲು ಕೇಳಿದೆ. ದೀಪ ಆರಿಸಿರಲಿಲ್ಲ. ಇವಳು ದಿಂಬಿಗೆ ಹೊಸ ಚೀಲ ಹಾಕುತ್ತಿದ್ದಳು.

“ನಾನು ಇಲ್ದೆ ಇರೋವಾಗ ಇದನ್ನ ಹಾಕ್ತೀಯಾ?”

ಚೀಲದ ಮೂಲೆ ಸರಿಮಾಡಿ, “ಹೂಂ” ಎಂದಳು.

“ಯಾಕೆ?”

“ಅಭ್ಯಾಸಕ್ಕೆ.”

ಯಾವುದಕ್ಕೆ ಅಭ್ಯಾಸ ಎಂದು ಕೇಳಬೇಕಾಗಲಿಲ್ಲ, ಅವಳೇ ಹೇಳಿದಳು. ಮದುವೆಯಾದ ಎರಡನೇ ವರ್ಷದಿಂದ ಅವಳು ಎಣಿಸುತ್ತಿದ್ದಾಳಂತೆ. ಗೊರಕೆ ನಿಂತ ಕೂಡಲೇ ಒಂದು, ಎರಡು, ಮೂರು. ಇಪ್ಪತ್ತು ದಾಟಿದರೆ ಮೊಣಕೈಯಿಂದ ತಿವಿಯುವುದು. ರಾತ್ರಿ ತಿವಿದಳೆಂದು ಇಪ್ಪತ್ತಾರು ವರ್ಷದಿಂದ ಅವಳ ಮೇಲೆ ರೇಗಿದ್ದೇನೆ. ನೆಂಟರ ಮುಂದೆ ಅದನ್ನೇ ದೊಡ್ಡ ತಮಾಷೆ ಮಾಡಿ ಹೇಳಿದ್ದೇನೆ. ಅವಳೂ ನಕ್ಕಿದ್ದಾಳೆ.

ಮೆಷಿನ್ ಬಂದ ಮೇಲೆ ಎಣಿಸಲು ಏನೂ ಸಿಗುತ್ತಿಲ್ಲವಂತೆ. ನಾನು ಇದ್ದರೂ ಅದೇ ಸದ್ದು, ಹೋದರೂ ಅದೇ ಸದ್ದು. ಅದಕ್ಕೇ ಮಾಸ್ಕಿನ ತೂತಿನ ಮುಂದೆ ಅಂಗೈ ಹಿಡಿದು ನೋಡುತ್ತಾಳಂತೆ, ಬಿಸಿ ಉಸಿರು ತಾಗುತ್ತದೋ ಇಲ್ಲವೋ ಎಂದು. ರಾತ್ರಿಗೆ ನಾಲ್ಕೈದು ಸಲ.

“ನೀವಿಲ್ದೆ ಇದು ಒಂದೇ ಇದ್ರೆ ನಂಗೆ ನಿದ್ದೆ ಬರತ್ತಾ ನೋಡೋಣ ಅಂತ ಹಾಕಿದೆ” ಎಂದಳು.

“ಬಂತಾ?”

“ಬಂತು. ಮಗು ಹಾಗೆ ಮಲಗ್ಬಿಟ್ಟೆ. ಬೆಳಿಗ್ಗೆ ಎದ್ದು ಹೆದರಿಕೆ ಆಯ್ತು.”

ಮಾಸ್ಕು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅವಳೇ ಪಟ್ಟಿ ಬಿಗಿದು ದೀಪ ಆರಿಸಿದಳು.

ಮಾರ್ಚ್ 20

ಇವಳನ್ನೂ ಕರೆದುಕೊಂಡು ಮೀಟರಮ್ಮನ ಅಂಗಡಿಗೆ ಹೋಗಿ ಹೊಸದು ಕೊಂಡೆ. ನಿನ್ನೆ ಇವಳು ಹೇಳಿದ್ದು ಬೇರೇನೂ ಅಲ್ಲ, ಸದ್ದಿಲ್ಲದ್ದು ಇದ್ದರೆ ನೋಡಿ ಎಂದು. ಹೊಸದರ ಸದ್ದು ಕಿವಿ ಹತ್ತಿರ ಹಿಡಿದರೆ ಮಾತ್ರ ಕೇಳುತ್ತದೆ. ಹಾಕಿಕೊಂಡವನ ಉಸಿರು ಪಕ್ಕದವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಗಡಿಯಲ್ಲೇ ಹಾಕಿ ಪರೀಕ್ಷೆ ಮಾಡಿದೆವು. ನಾನು ಬೆಂಚಿನ ಮೇಲೆ ಮಲಗಿದೆ, ಇವಳು ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದಳು. ಒಂದು ನಿಮಿಷವಾದ ಮೇಲೆ ತಲೆಯಾಡಿಸಿದಳು.

ದುಡ್ಡು ಕೊಟ್ಟು ಹೊರಗೆ ಬಂದ ಮೇಲೆ ಭಾವಮೈದುನ ಎಷ್ಟಕ್ಕೆ ಇಳಿಸಿದಿರಿ ಭಾವ ಎಂದ. ಕೇಳುವುದೇ ಮರೆತಿದ್ದೆ.

ಹಾಗೇ ನಕ್ಷೆಯವರ ಮನೆಗೆ ಹೋಗಿ ಹಳೆಯದನ್ನು ಕೊಟ್ಟೆ. ಒತ್ತಡವನ್ನು ಮತ್ತೆ ಹದಿನಾಲ್ಕಕ್ಕೆ ಏರಿಸಿಕೊಡಬೇಕೆಂದು ಮೀಟರಮ್ಮನಿಗೆ ಹೇಳಿದ್ದೆ. ಯಾರೂ ಹಾಕಿಕೊಳ್ಳದ ಮೆಷಿನ್ನಿಗೆ ಎಷ್ಟಿದ್ದರೇನು ಸಾರ್ ಎಂದಳು. ಸದ್ದು ಬೇರೆಯಾಗುತ್ತದೆ ಎಂದೆ. ಆಕೆ ಏರಿಸಿಕೊಟ್ಟಳು.

ಏಪ್ರಿಲ್ 9

ಇವಳು ಮಲಗುತ್ತಿದ್ದಾಳೆ. ಎಂಥ ನಿದ್ದೆ ಅಂತೀರಿ. ಹತ್ತೂವರೆಗೆ ಒರಗಿದರೆ ಆರೂವರೆ. ಮುಖದ ಗೆರೆ ಇಳಿದಿದೆ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುವುದು ನಿಂತಿದೆ, ಇಷ್ಟು ವರ್ಷ ಹಾಕಿದ್ದು ಮರೆತು ವಾರಕ್ಕೊಮ್ಮೆ ಮತ್ತೆ ಹಾಕುತ್ತಿದ್ದಳು.

ನನಗೆ ಎರಡು ಗಂಟೆಯ ಸುಮಾರಿಗೆ ಎಚ್ಚರವಾಗುತ್ತದೆ. ತೊಂದರೆಯೇನಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಮಲಗಿರುತ್ತೇನೆ.

ಮೇ 2

ಗಿರಾಕಿಯೊಬ್ಬರು, ಏನು ಸಾಹುಕಾರರು ಈಗ ಮಾತೇ ಕಮ್ಮಿ ಎಂದರು. ಹಾಗೇನಿಲ್ಲ. ಅವರು ಹೇಳುವುದನ್ನು ಕೇಳುತ್ತಿದ್ದೆ, ಅಷ್ಟೆ.

ಜೂನ್ 21

ಡಾಕ್ಟರು ಪತ್ರ ಕೊಟ್ಟರು. ಹೊಸ ಮೆಷಿನ್ನಿನಲ್ಲಿ ತೊಂಬತ್ತು ರಾತ್ರಿ, ಒಂದೂ ತಪ್ಪಿಲ್ಲ. ಇಲ್ಲಿಗೆ ಮುಗಿಸೋಣ. ಯಾರಿಗೆ ಏನು ಸಿಕ್ಕಿತೆಂದು ಬರೆದಿಡುತ್ತೇನೆ.

ಮೀಟರಮ್ಮನಿಗೆ ಚೌಕಾಸಿಯಿಲ್ಲದ ಒಂದು ಮಾರಾಟ. ನಾನು ಕಳಿಸಿದ ಇನ್ನಿಬ್ಬರು ಗಿರಾಕಿಗಳು.

ಭಾವಮೈದುನನಿಗೆ ನಾಲ್ಕೂವರೆ ತಿಂಗಳ ಸಂಬಳ, ನನ್ನ ಬಗ್ಗೆ ಹೇಳಲು ಜೀವಮಾನಕ್ಕಾಗುವಷ್ಟು ಕತೆ.

ನಕ್ಷೆಯವರ ಹೆಂಡತಿಗೆ ಹದಿನಾಲ್ಕರ ಸದ್ದು, ಏಳು ಗಂಟೆಯವರೆಗೆ. ಹೋದ ವಾರ ಫಿಲ್ಟರು ಕೇಳಿದ್ದರು, ಕಳಿಸಿದ್ದೇನೆ.

ಇವಳಿಗೆ ರಾತ್ರಿಗೆ ಎಂಟು ಗಂಟೆ ನಿದ್ದೆ.

ನನಗೆ ವ್ಯಾನು. ಗಂಟೆಗೆ ನಲವತ್ತೊಂದು ಇದ್ದದ್ದು ಎರಡಕ್ಕೆ ಇಳಿದಿದೆ. ಇವಳು ಮಲಗಿದ ಮೇಲೆ ನಿಮಿಷಕ್ಕೆ ಹದಿನಾಲ್ಕು ಸಲ ಉಸಿರಾಡುತ್ತಾಳೆ, ಮೂರು ಗಂಟೆಯ ಹೊತ್ತಿಗೆ ಹನ್ನೆರಡು. ಎಡಗಡೆ ತಿರುಗಿದರೆ ಸ್ವಲ್ಪ ತಡೆಯುತ್ತದೆ. ನಿನ್ನೆ ಒಂದು ಸಲ ಒಂಬತ್ತು ಎಣಿಸುವವರೆಗೆ ಉಸಿರು ಬರಲಿಲ್ಲ. ಹತ್ತಕ್ಕೆ ಬಂತು.